ಅಂಗೈಯಲ್ಲಿ ಕಾಲೇಜು: ಮನೆಯವರ ಹೊಣೆ



ಹನ್ನೆರಡನೆಯ ತರಗತಿಯ ಫಲಿತಾಂಶ ಬರುವ ಹೊತ್ತಿಗೆ ಕೊಯಮತ್ತೂರು ಹಾಗೂ ತಿರುಪ್ಪೂರು ಜಿಲ್ಲೆಗಳ ಹಳ್ಳಿಹಳ್ಳಿಗೂ ಕಾಲೇಜುಗಳ ಜಾಹೀರಾತು ತಲುಪುತ್ತದೆ. ಕೆಲವು ವರ್ಷಗಳಿಂದ ಅವುಗಳ ಜೊತೆಗೆ ಹೊಸದೊಂದು ಮಾತು ಸೇರಿಕೊಂಡಿದೆ: ಮನೆಯಲ್ಲೇ ಕುಳಿತು ಪದವಿ ಪಡೆಯಿರಿ. ರೈತ ಕುಟುಂಬಕ್ಕೆ ಈ ಮಾತು ಹಿತವಾಗಿಯೇ ಕೇಳಿಸುತ್ತದೆ. ಹಾಸ್ಟೆಲ್ ಖರ್ಚಿಲ್ಲ, ಬಸ್ಸಿನ ಖರ್ಚಿಲ್ಲ. ಮಗ ತೋಟದ ಕೆಲಸಕ್ಕೂ ಸಿಗುತ್ತಾನೆ, ಮಗಳು ಕಣ್ಣೆದುರಿಗೇ ಇರುತ್ತಾಳೆ. ಕೈಗೆ ಕೆಲಸವೂ ಆಯಿತು, ತಲೆಗೆ ವಿದ್ಯೆಯೂ ಆಯಿತು ಎಂದು ತೋರುತ್ತದೆ.

ಈ ಲೆಕ್ಕ ಸರಿಯೇ ಎಂದು ನಾವು ಒಮ್ಮೆ ಕುಳಿತು ಯೋಚಿಸುವುದು ಒಳಿತು. ಏಕೆಂದರೆ ಆನ್‌ಲೈನ್ ಕಲಿಕೆ ನಮಗೆ ಅಪರಿಚಿತವಲ್ಲ. ಕೊರೊನಾ ಕಾಲದಲ್ಲಿ ನಮ್ಮ ಮಕ್ಕಳೆಲ್ಲ ಅದನ್ನು ಉಂಡೇ ಬಂದಿದ್ದಾರೆ. ಆಗ ಕಂಡದ್ದನ್ನು ಇಷ್ಟು ಬೇಗ ಮರೆತರೆ ಹೇಗೆ? ನಾವು ಹೇಳಬೇಕೆಂದಿರುವುದು ಇಷ್ಟೇ: ಆನ್‌ಲೈನ್ ಕಲಿಕೆ ತನ್ನಷ್ಟಕ್ಕೆ ಕೆಟ್ಟದ್ದಲ್ಲ, ಆದರೆ ಮನೆಯಲ್ಲಿರುವವರೆಲ್ಲ ಬಿಡುವಾಗಿದ್ದಾರೆ ಎಂದು ತಿಳಿಯುವ ಮನೆಯಲ್ಲಿ ಅದು ಫಲ ಕೊಡುವುದಿಲ್ಲ.

ಆ ಎರಡು ವರ್ಷಗಳು

2020ರ ಮಾರ್ಚ್ ತಿಂಗಳ ನಡುವೆ ತಮಿಳುನಾಡಿನ ಕಾಲೇಜುಗಳು ಬಾಗಿಲು ಹಾಕಿದವು. ಕೊಯಮತ್ತೂರಿನ ಹಾಸ್ಟೆಲುಗಳಲ್ಲಿದ್ದವರು ಗಂಟುಮೂಟೆ ಕಟ್ಟಿಕೊಂಡು ಪೊಳ್ಳಾಚಿ, ಉಡುಮಲೆ, ಧಾರಾಪುರಂ, ಪಲ್ಲಡಂ ಕಡೆಯ ತಮ್ಮ ಊರುಗಳನ್ನು ಸೇರಿದರು. ದಿಂಬಂ ಘಾಟಿ ಇಳಿದು ಓದಲು ಬಂದಿದ್ದ ತಾಳವಾಡಿ ಕಡೆಯ ಮಕ್ಕಳು ಮತ್ತೆ ಘಾಟಿ ಹತ್ತಿದರು. ಡಿಸೆಂಬರಿನಲ್ಲಿ ಕೊನೆಯ ವರ್ಷದವರಿಗೆ, 2021ರ ಫೆಬ್ರವರಿಯಲ್ಲಿ ಎಲ್ಲರಿಗೂ ಕಾಲೇಜು ತೆರೆಯಿತು. ಅಷ್ಟರಲ್ಲಿ ಎರಡನೆಯ ಅಲೆ ಬಂದು ಮತ್ತೆ ಮುಚ್ಚಿತು. ಆ ವರ್ಷದ ಸೆಪ್ಟೆಂಬರ್ 1ರಂದು ತೆರೆದದ್ದು 2022ರ ಜನವರಿಯಲ್ಲಿ ಇನ್ನೊಮ್ಮೆ ಮುಚ್ಚಿ, ಫೆಬ್ರವರಿ 1ರಂದು ಮತ್ತೆ ತೆರೆಯಿತು. ಮೂರು ವರ್ಷದ ಪದವಿಯಲ್ಲಿ ಹೆಚ್ಚುಕಡಿಮೆ ಎರಡು ವರ್ಷ ಹೀಗೆ ಕಳೆಯಿತು.

ಆಗ ಸರ್ಕಾರ ಕೈಕಟ್ಟಿ ಕೂರಲಿಲ್ಲ ಎಂಬುದನ್ನೂ ಹೇಳಬೇಕು. 2021ರ ಜನವರಿಯಿಂದ ಏಪ್ರಿಲ್‌ವರೆಗೆ ಸುಮಾರು 9.69 ಲಕ್ಷ ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 2 ಜಿಬಿ ಡೇಟಾ ಉಚಿತವಾಗಿ ಕೊಡುವ ಯೋಜನೆಯನ್ನು ತಮಿಳುನಾಡು ಸರ್ಕಾರ ಪ್ರಕಟಿಸಿತು. ಒಳ್ಳೆಯ ಕೆಲಸವೇ. ಆದರೆ ಡೇಟಾ ಇದ್ದರೆ ಸಾಲದು, ಸಿಗ್ನಲ್ ಬೇಕು. ವಾಲ್ಪಾರೆಯ ಟೀ ಎಸ್ಟೇಟುಗಳಲ್ಲಿ, ಆನೆಮಲೆಯ ಕಾಡಂಚಿನ ವಸತಿಗಳಲ್ಲಿ ಇರುವವರನ್ನು ಕೇಳಿದರೆ ಆ ಕಷ್ಟ ತಿಳಿಯುತ್ತದೆ. ಸಿಗ್ನಲ್ ಇದ್ದರೂ ಸಾಲದು, ಮೊಬೈಲ್ ಬೇಕು. ಮೂವರು ಮಕ್ಕಳಿರುವ ಮನೆಯಲ್ಲಿ ಇರುವ ಒಂದೇ ಫೋನು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಮಾರುಕಟ್ಟೆಗೆ ಹೋದರೆ ತರಗತಿಗೆ ಹಾಜರಾಗುವವರು ಯಾರು?

ಪರೀಕ್ಷೆಯ ಕತೆಯನ್ನೂ ನೆನೆಯಿರಿ. ಅಣ್ಣಾ ವಿಶ್ವವಿದ್ಯಾಲಯ 2020ರ ಸೆಪ್ಟೆಂಬರಿನಲ್ಲಿ ಕೊನೆಯ ಸೆಮಿಸ್ಟರಿನವರಿಗೆ ಮನೆಯಿಂದಲೇ ಆನ್‌ಲೈನ್ ಪರೀಕ್ಷೆ ನಡೆಸಿತು. ಮುಂದಿನ ಸೆಮಿಸ್ಟರಿನ ಪರೀಕ್ಷೆಯಲ್ಲಿ ಕ್ಯಾಮೆರಾದ ಕಾವಲಿನಡಿ ಬರೆದ ಎಷ್ಟೋ ಮಂದಿಯ ಫಲಿತಾಂಶವನ್ನು ಅಕ್ರಮದ ಸಂಶಯದಿಂದ ತಡೆಹಿಡಿಯಲಾಯಿತು. ಗಲಾಟೆಯಾಗಿ, 2021ರ ಮೇ ತಿಂಗಳಲ್ಲಿ ಸರ್ಕಾರ ಮರುಪರೀಕ್ಷೆ ಪ್ರಕಟಿಸಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ಕೊಯಮತ್ತೂರು, ಮಧುರೈ ಮುಂತಾದ ಕಡೆ ವಿದ್ಯಾರ್ಥಿಗಳು ಬೀದಿಗಿಳಿದರು. ಅವರ ಬೇಡಿಕೆ ಏನು? ಪಾಠ ಆನ್‌ಲೈನ್‌ನಲ್ಲಿ ನಡೆದಿದೆ, ಪರೀಕ್ಷೆಯೂ ಆನ್‌ಲೈನ್‌ನಲ್ಲೇ ನಡೆಯಲಿ ಎಂಬುದು. ಹಲವರು ಅವರನ್ನು ಸೋಮಾರಿಗಳೆಂದು ಬೈದರು. ನಮಗೆ ಹಾಗೆ ತೋರುವುದಿಲ್ಲ. ಕಲಿತದ್ದು ತಲೆಗೆ ಹತ್ತಿಲ್ಲ ಎಂಬ ಅರಿವು ಅವರಿಗಿತ್ತು. ಪುಸ್ತಕ ಮುಚ್ಚಿಟ್ಟು ಮೂರು ಗಂಟೆ ಬರೆಯಲು ಅವರಲ್ಲಿ ಧೈರ್ಯವಿರಲಿಲ್ಲ. ಆ ಬೇಡಿಕೆಯೇ ಆನ್‌ಲೈನ್ ಪಾಠದ ಮೇಲೆ ವಿದ್ಯಾರ್ಥಿಗಳು ತಾವೇ ಕೊಟ್ಟ ತೀರ್ಪು.

ಮನೆಯಲ್ಲಿದ್ದರೆ ಬಿಡುವೇ?

ಇನ್ನು ನಮ್ಮ ಮನೆಗಳ ಮಾತಿಗೆ ಬರೋಣ. ತಪ್ಪೆಲ್ಲ ಸಿಗ್ನಲಿನದು, ಕಾಲೇಜಿನದು ಎಂದರೆ ಸುಲಭ. ಆದರೆ ಹುಡುಗ ಕಾಲೇಜಿನಲ್ಲಿದ್ದಾಗ ಹತ್ತು ಗಂಟೆಗೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಅವನೇ ಮನೆಯ ಜಗಲಿಯಲ್ಲಿ ಕಿವಿಗೆ ವಯರು ಸಿಕ್ಕಿಸಿಕೊಂಡು ಕುಳಿತಾಗ, "ಸುಮ್ಮನೆ ಕೂತಿದ್ದೀಯಲ್ಲ, ಮೋಟರ್ ಹಾಕಿ ಬಾ" ಎಂದು ಕರೆಯದ ಮನೆ ಎಷ್ಟಿತ್ತು? ಕರೆಂಟು ಬರುವ ಹೊತ್ತಿಗೆ ನೀರು ಬಿಡಬೇಕು, ಹಾಲನ್ನು ಸೊಸೈಟಿಗೆ ಹಾಕಬೇಕು, ಕೋಳಿ ಫಾರ್ಮಿಗೆ ಮೇವಿನ ಲಾರಿ ಬಂದರೆ ಚೀಲ ಇಳಿಸಬೇಕು. ಇವೆಲ್ಲ ನಿಜವಾದ ಕೆಲಸಗಳೇ, ಯಾರನ್ನೂ ದೂಷಿಸುವಂತಿಲ್ಲ. ಆದರೆ ಅತ್ತ ಅಧ್ಯಾಪಕರು ಹಾಜರಿ ಕರೆಯುತ್ತಿದ್ದಾಗ ಇತ್ತ ಹುಡುಗ ಫೋನನ್ನು ಜೇಬಿಗೆ ಹಾಕಿಕೊಂಡು ಪಂಪಿನ ಮನೆಗೆ ಓಡುತ್ತಿದ್ದ. ಹೆಸರು ತರಗತಿಯಲ್ಲಿ, ಮೈ ತೋಟದಲ್ಲಿ, ಮನಸ್ಸು ಎರಡೂ ಕಡೆ ಇಲ್ಲ.

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಬಿಗಿ. ಹುಡುಗನಿಗೆ ತೋಟದ ಕೆಲಸ ಮುಗಿಯುವ ಒಂದು ಹೊತ್ತಾದರೂ ಇದೆ. ಹುಡುಗಿಗೆ ಅಡಿಗೆ, ಪಾತ್ರೆ, ಬಟ್ಟೆ, ಚಿಕ್ಕವರ ಆರೈಕೆ, ಹಾಸಿಗೆ ಹಿಡಿದ ಅಜ್ಜಿಯ ಸೇವೆ ಎಂದು ದಿನಕ್ಕೆ ಕೊನೆಯೇ ಇಲ್ಲ. ಅವಳು ಪುಸ್ತಕ ತೆರೆಯುವುದು ಎಲ್ಲರೂ ಮಲಗಿದ ಮೇಲೆ. ಓದು ನಿಂತುಹೋದ ಹುಡುಗಿಯ ಮನೆಗೆ ಮದುವೆಯ ಮಾತು ಬೇಗ ಬರುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಗಂಡುಮಕ್ಕಳಲ್ಲಿಯೂ ಹೇಗೂ ಕಾಲೇಜಿಲ್ಲವೆಂದು ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಕೆಲಸಕ್ಕೆ ಹೋದವರುಂಟು. ವಾರದ ಕೊನೆಗೆ ಕೈಗೆ ಬಂದ ಸಂಬಳದ ರುಚಿ ಹತ್ತಿ, ಕಾಲೇಜು ತೆರೆದಾಗ ಹಿಂದಿರುಗದೆ ಉಳಿದವರೂ ಉಂಟು.

ನಮ್ಮ ಭಾಗದ ರೈತರಿಗೆ ಪರಂಬಿಕುಳಂ–ಆಳಿಯಾರ್ ಕಾಲುವೆಯ ನೀರು ಸರದಿಯ ಪ್ರಕಾರ ಬರುತ್ತದೆ. ನಮ್ಮ ಸರದಿ ಬಂದ ಹೊತ್ತಿನಲ್ಲಿ ಊರಲ್ಲಿ ಮದುವೆಯೇ ಇದ್ದರೂ ಒಬ್ಬರು ಮಡೆಯ ಬಳಿ ನಿಂತಿರುತ್ತಾರೆ. ಹರಿದುಹೋದ ನೀರು ಹಿಂದಕ್ಕೆ ಬಾರದು ಎಂದು ನಮಗೆ ಗೊತ್ತು. ಮಕ್ಕಳ ತರಗತಿಯ ಹೊತ್ತೂ ಅಂತಹ ಸರದಿಯೇ. ಪಾಠವನ್ನು ರೆಕಾರ್ಡ್ ಮಾಡಿಟ್ಟರೆ ಆಮೇಲೆ ನೋಡಬಹುದಲ್ಲ ಎಂದು ಕೇಳಬಹುದು. ನೋಡಬಹುದು. ಆದರೆ ಆ "ಆಮೇಲೆ" ಎಂಬುದು ಬರುವುದಿಲ್ಲ. ಹತ್ತು ಪಾಠ ಬಾಕಿಯಾದ ಮೇಲೆ ಹನ್ನೊಂದನೆಯದನ್ನು ತೆರೆಯಲು ಮನಸ್ಸೂ ಬರುವುದಿಲ್ಲ.

ಪಕ್ಕದಲ್ಲಿ ಕುಳಿತ ಗೆಳೆಯ

ನಮ್ಮ ಕನ್ನಡ ಮನೆಗಳ ಮಕ್ಕಳಿಗೆ ಇನ್ನೊಂದು ತೊಡಕಿದೆ. ಕೊಯಮತ್ತೂರು ಕಡೆಯ ದೇವಾಂಗ ನೇಕಾರರ, ಒಕ್ಕಲಿಗರ ಎಷ್ಟೋ ಮನೆಗಳಲ್ಲಿ ಮನೆಮಾತು ಕನ್ನಡ. ಶಾಲೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್. ಮೂರು ಭಾಷೆಯ ನಡುವೆ ಪಾಠ ಹಿಡಿಯುವ ಮಗುವಿಗೆ ತರಗತಿಯಲ್ಲಿ ದೊಡ್ಡ ಆಸರೆ ಯಾರು? ಪಕ್ಕದಲ್ಲಿ ಕುಳಿತ ಗೆಳೆಯ. ಅಧ್ಯಾಪಕರು ಹೇಳಿದ ಇಂಗ್ಲಿಷ್ ಪದ ತಿಳಿಯದಿದ್ದರೆ ಮೊಣಕೈಯಿಂದ ತಿವಿದು ಕೇಳಬಹುದು. ಪಾಠ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಅದನ್ನೇ ಇನ್ನೊಮ್ಮೆ ಬಿಡಿಸಿಕೊಳ್ಳಬಹುದು. ಅಧ್ಯಾಪಕರಿಗೂ ಮುಖ ನೋಡಿದರೆ ಯಾರಿಗೆ ತಿಳಿದಿದೆ, ಯಾರಿಗೆ ಇಲ್ಲ ಎಂದು ಗೊತ್ತಾಗುತ್ತದೆ.

ಮೊಬೈಲಿನ ಪರದೆಯ ಮೇಲೆ ಅರುವತ್ತು ಹೆಸರುಗಳಿರುತ್ತವೆ, ಮುಖಗಳಿರುವುದಿಲ್ಲ. ಡೇಟಾ ಉಳಿಸಲು ಕ್ಯಾಮೆರಾ ಮುಚ್ಚಿರುತ್ತದೆ, ಗದ್ದಲವಾಗದಿರಲು ಮೈಕ್ ಮುಚ್ಚಿರುತ್ತದೆ. ಅರ್ಥವಾಗಲಿಲ್ಲ ಎಂದು ಎಲ್ಲರೆದುರಿಗೆ ಮೈಕ್ ತೆರೆದು ಹೇಳಲು ಹಳ್ಳಿಯ ಮಗುವಿಗೆ ಸಂಕೋಚ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯುಂಟು. ಆ ಮುಕ್ಕಾಲು ಪಾಲು ಜನರ ನಡುವೆ ಬರುವಂಥದು. ಬೇರೆ ಊರಿನವರೊಡನೆ, ಬೇರೆ ಜಾತಿಮತದವರೊಡನೆ ಕೂಡಿ ಬಾಳುವುದು, ಕಚೇರಿಯಲ್ಲಿ ಅಂಜದೆ ಮಾತನಾಡುವುದು, ಸೋತು ಏಳುವುದು, ಇವೆಲ್ಲ ಯಾವ ಪಠ್ಯದಲ್ಲಿಯೂ ಇಲ್ಲ. ಮನೆಯಲ್ಲಿ ಹಿರಿಯರು ಓದಿದವರಿದ್ದರೆ ಇದರಲ್ಲಿ ಸ್ವಲ್ಪವನ್ನು ಅವರೇ ತುಂಬಿಕೊಟ್ಟಾರು. ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಮಗುವಿಗೆ ಅದನ್ನು ಕಾಲೇಜೇ ಕೊಡಬೇಕು.

ಕೈ ಕಲಿಯುವ ವಿದ್ಯೆ

ಬೇಸಾಯ ಓದುವವರ ಮಾತನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ಜಿಲ್ಲೆಯ ಹೆಮ್ಮೆಯಾದ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ 1971ರಲ್ಲಿ ಆರಂಭವಾಯಿತು. ಅದರ ಬೇರು ಇನ್ನೂ ಹಿಂದಕ್ಕೆ, 1868ರಲ್ಲಿ ಮದರಾಸಿನ ಸೈದಾಪೇಟೆಯಲ್ಲಿ ತೆರೆದ ಕೃಷಿ ಶಾಲೆಗೆ ಹೋಗುತ್ತದೆ. ಆ ಶಾಲೆ ನಗರದಿಂದ ಕೊಯಮತ್ತೂರಿಗೆ ಬಂದು ನೆಲೆಸಿದ ಮೇಲೆ ಹೊಲಗದ್ದೆಗಳ ನಡುವೆಯೇ ಬೆಳೆಯಿತು. ಇಂದಿಗೂ ಕೃಷಿ ಪದವಿಯ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ರೈತರೊಡನಿದ್ದು ಕಲಿಯುವ ಗ್ರಾಮೀಣ ಅನುಭವದ ಅವಧಿಯನ್ನು ಮುಗಿಸಲೇಬೇಕು. ಇದು ಅಲಂಕಾರಕ್ಕಲ್ಲ.

ಒಂದು ಉದಾಹರಣೆ ನೋಡಿ. ತೆಂಗಿನ ಸುರುಳಿ ಬಿಳಿನೊಣ ಭಾರತದಲ್ಲಿ ಮೊದಲು ಕಂಡುಬಂದದ್ದು 2016ರಲ್ಲಿ, ನಮ್ಮ ಪೊಳ್ಳಾಚಿ ಕಡೆಯ ತೋಟಗಳಲ್ಲಿ. ಗರಿಯ ಅಡಿಯಲ್ಲಿ ಸುರುಳಿಯಾಗಿ ಇಟ್ಟ ಮೊಟ್ಟೆ, ಮೇಣದಂತಹ ಬಿಳಿ ಪುಡಿ, ಕೆಳಗಿನ ಗರಿಗಳ ಮೇಲೆ ಅಂಟು ಜಿನುಗಿ ಬೆಳೆದ ಕಪ್ಪು ಬೂಸ್ಟು, ಇವನ್ನು ಚಿತ್ರದಲ್ಲಿ ತೋರಿಸಬಹುದು. ಗರಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದವನಿಗೆ ಮಾತ್ರ ಅದರ ನಡುವೆ ಕೀಟವನ್ನು ತಿನ್ನುವ ಮಿತ್ರಕೀಟವೂ ಇದೆಯೇ, ಔಷಧ ಹೊಡೆದರೆ ಅದೂ ಸಾಯುತ್ತದೆಯೇ ಎಂಬ ಯೋಚನೆ ಬರುತ್ತದೆ. 2018ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡು ಅದೇ ವರ್ಷ ನಮ್ಮ ಮೆಕ್ಕೆಜೋಳಕ್ಕೂ ಹಬ್ಬಿದ ಫಾಲ್ ಸೈನಿಕ ಹುಳುವಿನ ಮಾತೂ ಅಷ್ಟೇ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ ಎಂದು ಪರೀಕ್ಷೆಯಲ್ಲಿ ಬರೆಯಬಹುದು. ಸುಳಿಯೊಳಗೆ ಬೆರಳಿಟ್ಟು ಹಿಕ್ಕೆಯನ್ನು ಸರಿಸಿ ಹುಳುವನ್ನು ಹೊರತೆಗೆದ ಹುಡುಗಿ ಮಾತ್ರ ಮುಂದೆ ರೈತನ ಹೊಲದಲ್ಲಿ ನಿಂತು ಧೈರ್ಯವಾಗಿ ಸಲಹೆ ಕೊಟ್ಟಾಳು.

ಕಸಿ ಕಟ್ಟುವುದು, ಮಣ್ಣನ್ನು ಹಿಡಿಯಲ್ಲಿ ಉಂಡೆಮಾಡಿ ಅದರ ಗುಣ ತಿಳಿಯುವುದು, ಕಾಂಗೇಯಂ ದನದ ಕಾಲು ಕೆಚ್ಚಲು ಮುಟ್ಟಿ ನೋಡುವುದು, ಇವೆಲ್ಲ ಕೈ ಕಲಿಯುವ ವಿದ್ಯೆಗಳು. ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ (ಯುಜಿಸಿ) ಇದನ್ನು ಒಪ್ಪಿದೆ. ಅದರ 2020ರ ನಿಯಮಗಳ ಪ್ರಕಾರ ಕೃಷಿ, ತೋಟಗಾರಿಕೆ, ಇಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಮುಂತಾದ ಪದವಿಗಳನ್ನು ದೂರಶಿಕ್ಷಣದ ಮೂಲಕವಾಗಲಿ ಆನ್‌ಲೈನ್ ಮೂಲಕವಾಗಲಿ ಕೊಡುವಂತಿಲ್ಲ. ಆದ್ದರಿಂದ ಮನೆಯಲ್ಲೇ ಕುಳಿತು ಬಿ.ಎಸ್ಸಿ. ಕೃಷಿ, ಮನೆಯಲ್ಲೇ ಕುಳಿತು ನರ್ಸಿಂಗ್ ಪದವಿ ಎಂದು ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ, ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿರಿ.

ಕಣ್ಣು, ಕತ್ತು, ನಿದ್ದೆ

ಆರೋಗ್ಯದ ವಿಷಯದಲ್ಲಿ ಹೆದರಿಸುವ ಮಾತು ನಮಗೆ ಬೇಡ, ತಿಳಿವಳಿಕೆ ಸಾಕು. ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗುತ್ತದೆ. ಅದರಿಂದ ಕಣ್ಣು ಒಣಗಿ ಉರಿ, ಮಂಜು, ತಲೆನೋವು ಬರುತ್ತವೆ. ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕು ಎಂಬುದು ಕಣ್ಣಿನ ವೈದ್ಯರು ಹೇಳುವ ಸುಲಭ ನಿಯಮ. ನಮ್ಮ ಮನೆಗಳಿಗೆ ಇದು ಕಷ್ಟವಲ್ಲ, ಕಿಟಕಿಯಾಚೆ ತೆಂಗಿನ ಮರ ಇದ್ದೇ ಇದೆ.

ಮೊಬೈಲನ್ನು ತೊಡೆಯ ಮೇಲಿಟ್ಟು ಬಗ್ಗಿ ನೋಡಿದರೆ ತಲೆಯ ಭಾರವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ನಾಲ್ಕು ಪುಸ್ತಕ ಅಥವಾ ಒಂದು ಡಬ್ಬಿಯನ್ನಿಟ್ಟು ಅದರ ಮೇಲೆ ಫೋನನ್ನು ಕಣ್ಣಿನ ಮಟ್ಟಕ್ಕೆ ನಿಲ್ಲಿಸಿದರೆ ಅರ್ಧ ನೋವು ತಪ್ಪುತ್ತದೆ. ಕಿವಿಯ ವಯರಿನ ಸದ್ದು ಅರ್ಧಕ್ಕಿಂತ ಸ್ವಲ್ಪ ಮೇಲೆ, ನೂರಕ್ಕೆ 60ರ ಒಳಗಿರಲಿ. ಮಲಗುವುದಕ್ಕೆ ಒಂದು ಗಂಟೆ ಮೊದಲು ಪರದೆ ಮುಚ್ಚಬೇಕು. ರಾತ್ರಿಯ ಆ ಬೆಳಕು ನಿದ್ದೆಯನ್ನು ದೂರ ತಳ್ಳುತ್ತದೆ, ನಿದ್ದೆಗೆಟ್ಟವನಿಗೆ ಓದಿದ್ದು ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸನ್ನು ಗಮನಿಸಬೇಕು. ದಿನವಿಡೀ ಒಂಟಿಯಾಗಿ ಪರದೆಯ ಮುಂದೆ ಕುಳಿತ ಮಗು ಊಟ ಬಿಟ್ಟರೆ, ಯಾರೊಡನೆಯೂ ಮಾತನಾಡದಿದ್ದರೆ, ಹಗಲು ನಿದ್ದೆ ರಾತ್ರಿ ಎಚ್ಚರವಾದರೆ, ಅದನ್ನು ಸೋಮಾರಿತನವೆಂದು ಬೈಯುವ ಮುನ್ನ ಪಕ್ಕದಲ್ಲಿ ಕುಳಿತು ಕೇಳಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರಿನಿಂದ ನಡೆಯುತ್ತಿದೆ. 14416ಕ್ಕೆ ಕರೆ ಮಾಡಿದರೆ ಯಾವ ಖರ್ಚೂ ಇಲ್ಲದೆ ಸಲಹೆ ದೊರೆಯುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಗಿಡ ಬಾಡಿದರೆ ಕೃಷಿ ಅಧಿಕಾರಿಯನ್ನು ಕೇಳುವುದಿಲ್ಲವೇ?

ಒಳಿತೂ ಉಂಟು

ಇಷ್ಟು ಹೇಳಿದ ಮಾತ್ರಕ್ಕೆ ಆನ್‌ಲೈನ್ ಕಲಿಕೆಯೇ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಐಐಟಿಗಳ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಎನ್‌ಪಿಟೆಲ್‌ನಲ್ಲಿ ಮಾಡುವ ಪಾಠ ಇಂದು ಅನ್ನೂರಿನ ಹುಡುಗಿಗೂ ಸಿಗುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸ್ವಯಂ ವೇದಿಕೆಯಲ್ಲಿ ಪಾಠ ಉಚಿತ. ಯುಜಿಸಿಯ 2021ರ ನಿಯಮದಂತೆ, ವಿಶ್ವವಿದ್ಯಾಲಯ ಒಪ್ಪಿದರೆ, ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡಾ 40ರವರೆಗೆ ಅದರ ಮೂಲಕವೇ ಓದಬಹುದು. ಸಿಗ್ನಲ್ ಇಲ್ಲದ ಕಡೆ ಸ್ವಯಂಪ್ರಭಾ ಎಂಬ ಶೈಕ್ಷಣಿಕ ಟಿವಿ ಚಾನೆಲುಗಳು ಡಿಟಿಎಚ್ ಮೂಲಕ ಬರುತ್ತವೆ. ಕೃಷಿ ವಿಶ್ವವಿದ್ಯಾಲಯದ ಅಗ್ರಿಟೆಕ್ ತಾಣ ಓದುವ ಮಕ್ಕಳಿಗೆ ಮಾತ್ರವಲ್ಲ, ತಮಿಳು ಓದಬಲ್ಲ ರೈತನಿಗೂ ಉಪಯುಕ್ತ.

ಕೆಲಸದಲ್ಲಿರುವವರಿಗೆ, ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳಿಗೆ, ಮನೆ ಬಿಟ್ಟು ಹೋಗಲಾಗದವರಿಗೆ ಆನ್‌ಲೈನ್ ಪದವಿ ಒಂದು ವರವೇ ಸರಿ. ಮಾನ್ಯತೆ ಇರುವ ಸಂಸ್ಥೆಯ ಆನ್‌ಲೈನ್ ಪದವಿ ಸಾಮಾನ್ಯ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಹದಿನೆಂಟು ವರ್ಷದ, ಆರೋಗ್ಯವಾಗಿರುವ, ಹತ್ತಿರದಲ್ಲಿ ಕಾಲೇಜಿರುವ ಮಗುವನ್ನು ಖರ್ಚು ಉಳಿಯುತ್ತದೆ, ಕೆಲಸಕ್ಕೂ ಆಗುತ್ತದೆ ಎಂದು ಮನೆಯಲ್ಲೇ ಕಟ್ಟಿಹಾಕುವುದನ್ನು ನಾವು ಒಪ್ಪಲಾರೆವು. ಅದು ಬಿತ್ತನೆಯ ಬೀಜದಲ್ಲಿ ಉಳಿತಾಯ ಮಾಡಿದಂತೆ.

ನಾವು ಮಾಡಬಹುದಾದದ್ದು

1. ತರಗತಿಯ ವೇಳಾಪಟ್ಟಿಯನ್ನು ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿರಿ. ಆ ಹೊತ್ತಿನಲ್ಲಿ ಮಗ ಅಥವಾ ಮಗಳು ಮನೆಯಲ್ಲಿಲ್ಲ, ಕಾಲೇಜಿನಲ್ಲಿದ್ದಾರೆ ಎಂದೇ ತಿಳಿಯಿರಿ. ಮೋಟರ್ ಹಾಕಲು ಬೇರೆಯವರು ಹೋಗಲಿ.

2. ಮನೆಯಲ್ಲಿ ಒಂದು ಮೂಲೆ, ಒಂದು ಮೇಜು, ಒಂದು ಕುರ್ಚಿ, ಒಂದು ದೀಪ ಓದಿಗೆಂದೇ ಇರಲಿ. ಹಾಸಿಗೆಯ ಮೇಲೆ ಮಲಗಿ ಕೇಳಿದ ಪಾಠ ನಿದ್ದೆಗೆ ಕರೆಯುತ್ತದೆ.

3. ಮನೆಕೆಲಸವನ್ನು ಹೆಣ್ಣುಮಕ್ಕಳ ಮೇಲೆಯೇ ಹೇರಬೇಡಿರಿ. ಪಾತ್ರೆ ತೊಳೆದರೆ ಗಂಡುಮಗನ ಕೈ ಸವೆಯುವುದಿಲ್ಲ.

4. ಆನ್‌ಲೈನ್ ಪದವಿಗೆ ಹಣ ಕಟ್ಟುವ ಮುನ್ನ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯವೂ ಆ ಕೋರ್ಸೂ ಆ ವರ್ಷಕ್ಕೆ ಇವೆಯೇ ಎಂದು ನೋಡಿರಿ. ನೋಡಲು ತಿಳಿಯದಿದ್ದರೆ ಓದಿದವರಿಂದ ನೋಡಿಸಿರಿ. ಮಧ್ಯವರ್ತಿಗಳು ಅಂಗಡಿ ತೆರೆದು ಪ್ರವೇಶ ಕೊಡಿಸುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ.

5. ಸರ್ಕಾರದ ವಿದ್ಯಾರ್ಥಿವೇತನ, ತಿಂಗಳ ನೆರವು ಆನ್‌ಲೈನ್ ಪದವಿಗೂ ಸಿಗುತ್ತದೆಯೇ ಎಂದು ಸೇರುವ ಮೊದಲೇ ಕೇಳಿರಿ. ಖರ್ಚು ಉಳಿಯಿತೆಂದುಕೊಂಡು ಬರಬೇಕಾದ ನೆರವನ್ನೇ ಕಳೆದುಕೊಳ್ಳುವಂತಾಗಬಾರದು.

6. ವಾರಕ್ಕೊಮ್ಮೆ ಮಗುವಿನ ಬಳಿ ಕುಳಿತು, "ಈ ವಾರ ಏನು ಕಲಿತೆ, ನನಗೂ ಹೇಳು" ಎಂದು ಕೇಳಿರಿ. ನಿಮಗೆ ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ. ಅಪ್ಪ ಅಮ್ಮನಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಬಲ್ಲ ಮಗು ಆ ಪಾಠವನ್ನು ನಿಜವಾಗಿ ಕಲಿತಿರುತ್ತದೆ.

ಧರ್ಮಕೇಂದ್ರದ ಮಟ್ಟದಲ್ಲಿಯೂ ಒಂದು ಕೆಲಸ ಸಾಧ್ಯ. ನಮ್ಮ ಸಭಾಂಗಣ ಭಾನುವಾರ ಮತ್ತು ಮದುವೆಯ ದಿನಗಳನ್ನು ಬಿಟ್ಟರೆ ಖಾಲಿಯೇ ಇರುತ್ತದೆ. ಸಂಜೆ ಆರರಿಂದ ಒಂಬತ್ತರವರೆಗೆ ಅದನ್ನು ಓದುವ ಮಕ್ಕಳಿಗೆ ತೆರೆದಿಟ್ಟು, ಒಂದು ಇಂಟರ್‌ನೆಟ್ ಸಂಪರ್ಕ, ನಾಲ್ಕು ಉದ್ದನೆಯ ಮೇಜು, ನಿಗಾ ನೋಡಲು ಸರದಿಯಂತೆ ಒಬ್ಬ ಹಿರಿಯರು ಇದ್ದರೆ ಸಾಕು. ಮತಭೇದವಿಲ್ಲದೆ ಊರಿನ ಎಲ್ಲ ಮಕ್ಕಳೂ ಬರಲಿ. ಪರದೆ ಬೇರೆ ಬೇರೆಯಾದರೂ ಪಕ್ಕದಲ್ಲಿ ಕುಳಿತ ಗೆಳೆಯ ಸಿಕ್ಕಿದಂತಾಗುತ್ತದೆ. ಮುಂದಿನ ಪಾಲನಾ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಎತ್ತಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.

ಬಂಧುಗಳೇ, ಮಳೆ ಕೈಕೊಟ್ಟರೂ, ಬೆಲೆ ಕುಸಿದರೂ ಸಾಲ ಮಾಡಿಯಾದರೂ ಮಕ್ಕಳನ್ನು ಓದಿಸಿದವರು ನೀವು. ಹಣಕ್ಕಿಂತ ಹೆಚ್ಚಿನದೊಂದನ್ನು ಈಗ ಆ ಮಕ್ಕಳು ಕೇಳುತ್ತಿದ್ದಾರೆ: ದಿನಕ್ಕೆ ನಾಲ್ಕೈದು ಗಂಟೆ ಯಾರೂ ಕರೆಯದ ಹೊತ್ತು. ಅದನ್ನು ಕೊಡುವುದಕ್ಕೆ ಯಾವ ಬ್ಯಾಂಕಿನ ಸಾಲವೂ ಬೇಡ. ಈ ತಿಂಗಳಿನಿಂದಲೇ ಕೊಡೋಣ.